ಇಟಲಿಯ ಪತನವೂ ಶತ್ರುವಿನ ಸಂಕಲ್ಪವೂ

ಅರಿಮಿತ್ರನು ಕುಸಿದುಬಿದ್ದಾಗ ಅರಿಯು ಏನು ಮಾಡುವನೆಂಬುದು ನೀತಿಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. 1943ನೆಯ ಇಸವಿಯ ಬೇಸಗೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾನಾಯಕರ ಮುಂದೆ ಇದೇ ಪ್ರಶ್ನೆಯು ಬಂದು ನಿಂತಿತು. ಜುಲೈ 25ರಂದು ಮುಸೊಲಿನಿಯು ಪದಚ್ಯುತನಾದನು. ಇಟಲಿಯು ಯುದ್ಧದಿಂದ ಹಿಂದೆಗೆಯುವುದು ನಿಶ್ಚಿತಪ್ರಾಯವಾಯಿತು. ಆಗ ಹಿಟ್ಲರನು ಆ ಪರ್ಯಾಯದ್ವೀಪವನ್ನು ಕಾಯುವನೋ, ಬಿಟ್ಟು ಉತ್ತರಕ್ಕೆ ಸರಿಯುವನೋ?

ದಕ್ಷಿಣವನ್ನು ತೊರೆದು ಪೀಸಾ-ರಿಮಿನಿಗಳ ನಡುವಣ ಪರ್ವತಶ್ರೇಣಿಯಲ್ಲಿ ನಿಲ್ಲುವನೆಂಬುದೇ ಚಾರಶಾಖೆಯವರಲ್ಲಿ ಪ್ರಬಲವಾದ ಅಭಿಪ್ರಾಯವಾಗಿತ್ತು. ಇದು ಬರಿಯ ಊಹೆಯಲ್ಲ. ಬ್ಲೆಚ್‌ಲಿ ಪಾರ್ಕಿನಲ್ಲಿ ಜರ್ಮನರ ಗೂಢಲಿಪಿಯನ್ನು ಬಿಡಿಸಿ ಓದುತ್ತಿದ್ದರು. ಈ ರಹಸ್ಯವು ಲೋಕಕ್ಕೆ ವಿಶದವಾದುದು 1974ರಲ್ಲಿ. ರೊಮ್ಮೆಲನ ಸೇನೆಯು ಉತ್ತರ ಇಟಲಿಯಲ್ಲಿ ನೆರೆಯಿತು. ಹಿಟ್ಲರನ ಅಂದಿನ ಸಂಕಲ್ಪವೂ ಹಾಗೆಯೇ ಇದ್ದಿತು.

ಮಿತ್ರದ್ರೋಹವನ್ನು ಶಂಕಿಸಿ ಜರ್ಮನರು ಮೇ ತಿಂಗಳಿನಲ್ಲಿಯೇ ಒಂದು ಯೋಜನೆಯನ್ನು ಹೂಡಿದ್ದರು. ಅದಕ್ಕೆ ಮೊದಲಿಟ್ಟ ಹೆಸರು ‘ಅಲಾರಿಕ್’, ಎಂದರೆ 410ರಲ್ಲಿ ರೋಮನ್ನು ಸೂರೆಗೊಂಡ ಗಾಥ ದೊರೆಯ ಹೆಸರು! ಮಿತ್ರನ ನಾಡನ್ನು ಆಕ್ರಮಿಸುವ ಯೋಜನೆಗೆ ಇಂತಹ ನಾಮಕರಣವನ್ನು ಮಾಡಿದವರ ಅಂತರಂಗವನ್ನು ಅರಿಯಲು ಚಾರರೇ ಬೇಕಾಗಿರಲಿಲ್ಲ.

ಸೆಪ್ಟೆಂಬರ್ 3ರಂದು ಗುಟ್ಟಾಗಿ ಸಹಿಯಾದ ಕದನವಿರಾಮವು 8ರ ಸಂಜೆ ಪ್ರಕಟವಾಯಿತು. ಮರುದಿನ ಬೆಳಗಾಗುವ ಮುನ್ನ ಸಲೆರ್ನೋ ತೀರದಲ್ಲಿ ಮಿತ್ರರಾಷ್ಟ್ರಗಳ ಸೈನ್ಯವು ಇಳಿಯಿತು. ಆದರೆ ಜರ್ಮನರು ಕೆಲವೇ ದಿನಗಳಲ್ಲಿ ಇಟಲಿಯ ಸೈನ್ಯದ ಬಹುಭಾಗವನ್ನು ನಿರಾಯುಧವಾಗಿಸಿ ರೋಮನ್ನು ವಶಪಡಿಸಿಕೊಂಡರು. ಸಲೆರ್ನೋವಿನಲ್ಲಿ ಅವರ ಪ್ರತ್ಯಾಕ್ರಮಣವು ಇಳಿದವರನ್ನು ಕಡಲಿಗೆ ತಳ್ಳುವಷ್ಟು ಉಗ್ರವಾಯಿತು.

ಇದನ್ನು ಚಾರಶಾಖೆಯ ವೈಫಲ್ಯವೆಂದಷ್ಟೇ ಹೇಳಿ ಮುಗಿಸುವುದು ಯುಕ್ತವಲ್ಲ. ಓದಿದ ಲೇಖಗಳು ಸುಳ್ಳಲ್ಲ. ಅವುಗಳಿಂದ ಮಾಡಿದ ಅನುಮಾನವು ಮಾತ್ರ ಸೋಪಾಧಿಕವಾಗಿತ್ತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರದು, ಹಸಿಸೌದೆಯೂ ಕೂಡಬೇಕೆಂದು ನೈಯಾಯಿಕರು ಹೇಳುವರಷ್ಟೆ. ಇಟಲಿಯವರು ತಿರುಗಿಬಿದ್ದು ದಕ್ಷಿಣದ ತನ್ನ ಪಡೆಗಳ ದಾರಿಯನ್ನು ಕಡಿಯುವರೆಂಬ ಭಯವೇ ಹಿಟ್ಲರನ ಸಂಕಲ್ಪಕ್ಕೆ ಹಸಿಸೌದೆಯಾಗಿತ್ತು. ಆ ಭಯವು ನಿಜವಾಗಲಿಲ್ಲ. ಇತ್ತ ಮಿತ್ರರಾಷ್ಟ್ರಗಳ ಮುನ್ನಡೆಯೂ ಮಂದವಾಯಿತು. ನೇಪಲ್ಸ್ ಕೈಸೇರಿದುದು ಅಕ್ಟೋಬರ್ 1ರಂದು. ದಕ್ಷಿಣವನ್ನು ಹಿಡಿದು ನಿಲ್ಲಬಹುದೆಂದು ಮೊದಲಿನಿಂದಲೂ ವಾದಿಸುತ್ತಿದ್ದ ಕೆಸೆಲ್ರಿಂಗನ ಮಾತಿಗೆ ಆಗ ಬೆಲೆ ಬಂದಿತು.

ಅಕ್ಟೋಬರ್ 4ರಂದು ಹಿಟ್ಲರನು ರೋಮಿನ ದಕ್ಷಿಣಕ್ಕೇ ನಿಲ್ಲಬೇಕೆಂದು ಅಪ್ಪಣೆಮಾಡಿದನು. ಗೂಢಲಿಪಿಯನ್ನು ಓದುವವರಿಗೆ ಇದು ಬೇಗನೆ ತಿಳಿಯಿತು. ಆದರೆ ತಿಳಿದಾಗ ಸೇನೆಗಳು ಆ ಬೆಟ್ಟಗಳೆಡೆಗೆ ನಡೆದಾಗಿತ್ತು. ನವೆಂಬರ್ 21ರಂದು ಇಟಲಿಯ ರಣರಂಗವೆಲ್ಲವೂ ಕೆಸೆಲ್ರಿಂಗನ ಅಧೀನವಾಯಿತು. ಭಾರತದ 8ನೆಯ ಡಿವಿಜನ್ ಸಾಂಗ್ರೋ ನದಿಯ ಬಳಿಯಲ್ಲಿಯೂ, 4ನೆಯ ಡಿವಿಜನ್ ಮುಂದಿನ ವರ್ಷ ಕಸಿನೋವಿನಲ್ಲಿಯೂ ಹೋರಾಡಿದುದು ಈ ನಿಲುವನ್ನು ಮುರಿಯುವುದಕ್ಕಾಗಿಯೇ. ಮಿತ್ರರಾಷ್ಟ್ರಗಳು ರೋಮನ್ನು ಹೊಕ್ಕುದು 1944ರ ಜೂನ್ 4ರಂದು.