ಪಿಕಪ್ ಟ್ರಕ್‌ಗೆ ಟ್ರೈಲರ್ ಹಿಚ್: ಆಯ್ಕೆಗೆ ಮುನ್ನ ತೂಕದ ಲೆಕ್ಕ

ಅಮೆರಿಕದ ಹೆದ್ದಾರಿಗಳಲ್ಲಿ ದೋಣಿಯನ್ನೋ, ಮನೆಯಂತೆ ಸಜ್ಜುಗೊಳಿಸಿದ ಕ್ಯಾಂಪರನ್ನೋ ಎಳೆದುಕೊಂಡು ಸಾಗುವ ಪಿಕಪ್ ಟ್ರಕ್‌ಗಳು ಸಾಮಾನ್ಯ ದೃಶ್ಯ. ಉದ್ಯೋಗನಿಮಿತ್ತ ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ರಜೆಯ ಪ್ರವಾಸಕ್ಕೆ ಇಂಥ ಟ್ರೈಲರ್‌ಗಳನ್ನು ಬಳಸುವುದುಂಟು. ಟ್ರಕ್ಕಿಗೂ ಟ್ರೈಲರಿಗೂ ನಡುವಿನ ಕೊಂಡಿಯೇ ಹಿಚ್. ಅದರ ಆಯ್ಕೆ ತಪ್ಪಿದರೆ ಟನ್‌ಗಟ್ಟಲೆ ಭಾರ ಹೆದ್ದಾರಿಯಲ್ಲಿ ಹತೋಟಿ ತಪ್ಪುತ್ತದೆ. ಆದುದರಿಂದ ಹಿಚ್ ಕೊಳ್ಳುವ ಮುನ್ನ ಮಾಡಬೇಕಾದ ಮೊದಲ ಕೆಲಸ ತೂಕದ ಲೆಕ್ಕ.

ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ಲೆಕ್ಕ ಪರಿಚಿತವೇ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಟ್ರೈಲರ್‌ನ ಮುಂತುದಿ ಹಿಚ್ಚಿನ ಮೇಲೆ ಹೇರುವ ಇಂಥ ಭಾರಕ್ಕೆ ಟಂಗ್ ವೇಟ್ ಎಂದು ಹೆಸರು. ಅದು ಸರಕು ತುಂಬಿದ ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು ಎಂಬುದು ಸರ್ವಸಮ್ಮತ ನಿಯಮ. ಇದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಎಡಬಲಕ್ಕೆ ತೂಗಾಡತೊಡಗಿ, ಕೊನೆಗೆ ಟ್ರಕ್ಕನ್ನೇ ಉರುಳಿಸಬಹುದು. ಹೆಚ್ಚಾದರೆ ಟ್ರಕ್‌ನ ಹಿಂಭಾಗ ಕುಸಿದು, ಮುಂಗಾಲಿಗಳ ಹಿಡಿತ ಸಡಿಲಗೊಳ್ಳುತ್ತದೆ. ಸರಕಿನ ಸುಮಾರು ಶೇ. 60 ಭಾಗವನ್ನು ಟ್ರೈಲರ್‌ನ ಅಚ್ಚಿನಿಂದ ಮುಂದಕ್ಕೆ ಹೇರಬೇಕೆನ್ನುವುದು ಇದೇ ಕಾರಣಕ್ಕೆ.

ಐದು ವರ್ಗಗಳು

ಟ್ರಕ್‌ನ ಚಾಸಿಗೆ ಬಿಗಿದು, ಹಿಂಭಾಗದಲ್ಲಿ ಚೌಕಾಕಾರದ ಕೊಳವೆ ಇರುವ ರಿಸೀವರ್ ಹಿಚ್ ಹೆಚ್ಚು ಬಳಕೆಯಲ್ಲಿದೆ. ತಯಾರಕರು ಇದನ್ನು ಸಾಮಾನ್ಯವಾಗಿ ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು 2,000 ಪೌಂಡ್ (ಸುಮಾರು 907 ಕಿಲೋ), ಎರಡನೆಯದು 3,500 ಪೌಂಡ್ (ಸುಮಾರು 1,588 ಕಿಲೋ) ತೂಕದವರೆಗಿನ ಟ್ರೈಲರ್‌ಗೆ. ಇವೆರಡೂ ಕಾರುಗಳಿಗೆ ಹೊಂದುವಂಥವು. ಪಿಕಪ್‌ಗಳಲ್ಲಿ ಕಾಣುವುದು ಹೆಚ್ಚಾಗಿ 2 ಅಂಗುಲ ಕೊಳವೆಯ ಮೂರನೆಯ ವರ್ಗ; ಇದರ ಮಿತಿ 8,000 ಪೌಂಡ್ (ಸುಮಾರು 3,629 ಕಿಲೋ). ನಾಲ್ಕನೆಯದು 10,000 ಪೌಂಡ್ ಅಥವಾ ಅದಕ್ಕೆ ತುಸು ಮೇಲಿನ ತೂಕಕ್ಕೆ, ಐದನೆಯದು ಇನ್ನೂ ಭಾರವಾದ ಟ್ರೈಲರ್‌ಗಳಿಗೆ. ಮಿತಿಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಹಿಚ್ಚಿನ ಮೇಲೆ ಅಂಟಿಸಿದ ಚೀಟಿಯ ಅಂಕಿಯೇ ಅಂತಿಮ.

ಜಾಹೀರಾತಿನ ಅಂಕಿ ಸಾಲದು

ಟ್ರಕ್ ಎಷ್ಟು ಭಾರ ಎಳೆಯಬಲ್ಲದೆಂದು ಹಿಂದೆ ಪ್ರತಿ ಕಂಪನಿಯೂ ತನ್ನದೇ ವಿಧಾನದಲ್ಲಿ ಹೇಳುತ್ತಿತ್ತು. 2010ರ ದಶಕದಲ್ಲಿ ದೊಡ್ಡ ತಯಾರಕರು ಎಸ್‌ಎಇ ಜೆ2807 ಎಂಬ ಸಮಾನ ಮಾನದಂಡವನ್ನು ಒಪ್ಪಿಕೊಂಡರು. ಆದರೆ ಆ ಅಂಕಿ ಟ್ರಕ್‌ನಲ್ಲಿ ತಲಾ 150 ಪೌಂಡ್ ತೂಕದ ಇಬ್ಬರೇ ಕುಳಿತಿದ್ದಾರೆಂಬ ಎಣಿಕೆಯ ಮೇಲೆ ನಿಂತಿದೆ ಎಂಬುದು ಗಮನಾರ್ಹ.

ಉದಾಹರಣೆಗೆ, ಖಾಲಿ ತೂಕ 5,000 ಪೌಂಡ್ ಇರುವ ಕ್ಯಾಂಪರನ್ನು ತೆಗೆದುಕೊಳ್ಳೋಣ. ನೀರು, ಅಡುಗೆ ಅನಿಲ, ಸಾಮಾನು ಸೇರಿ ಅದು 6,000 ಪೌಂಡ್ ಆಯಿತೆನ್ನಿ. ಶೇ. 13ರಂತೆ ಟಂಗ್ ವೇಟ್ 780 ಪೌಂಡ್. ಟ್ರಕ್ ಹೊರಬಲ್ಲ ಭಾರದ ಮಿತಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುತ್ತದೆ. ಅದು 1,500 ಪೌಂಡ್ ಇದ್ದರೆ, ನಾಲ್ವರ ಕುಟುಂಬಕ್ಕೆ 600, ಹಿಚ್ ಸಲಕರಣೆಗೆ 100 ಹಾಗೂ ಈ 780 ಪೌಂಡ್ ಕಳೆದು ಉಳಿಯುವುದು ಕೇವಲ 20 ಪೌಂಡ್. ಎಂಜಿನ್‌ಗೆ 9,000 ಪೌಂಡ್ ಎಳೆಯುವ ಶಕ್ತಿಯಿದ್ದರೂ ಈ ಟ್ರಕ್ ತನ್ನ ಮಿತಿಯ ಅಂಚಿಗೆ ಬಂದು ನಿಂತಿದೆ.

ಇಂಥ ಸಂದರ್ಭದಲ್ಲಿ ಉಕ್ಕಿನ ಸರಳುಗಳ ನೆರವಿನಿಂದ ಭಾರವನ್ನು ಮುಂದಿನ ಅಚ್ಚಿಗೂ ಟ್ರೈಲರ್‌ನ ಅಚ್ಚಿಗೂ ಹಂಚುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಉಪಯುಕ್ತ. ಅದು ಟ್ರಕ್ಕನ್ನು ಸಮತೋಲನಕ್ಕೆ ತರುತ್ತದೆಯೇ ಹೊರತು ಮಿತಿಯನ್ನು ಹೆಚ್ಚಿಸುವುದಿಲ್ಲ.

ಟ್ರಕ್‌ನ ತೊಟ್ಟಿಯೊಳಗಿನ ಜೋಡಣೆ

ತೀರಾ ಭಾರದ ಟ್ರೈಲರ್‌ಗಳಿಗೆ ಫಿಫ್ತ್ ವ್ಹೀಲ್ ಅಥವಾ ಗೂಸ್‌ನೆಕ್ ಹಿಚ್ ಬೇಕು. ಇವು ಟ್ರಕ್‌ನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ ಕೂರುವುದರಿಂದ ತೂಗಾಟ ಕಡಿಮೆ. ಆದರೆ ಟ್ರೈಲರ್ ತೂಕದ ಶೇ. 15ರಿಂದ 25ರಷ್ಟು ಟ್ರಕ್‌ನ ಮೇಲೆ ಬೀಳುತ್ತದೆ. ತೊಟ್ಟಿ ಗಿಡ್ಡವಾಗಿದ್ದರೆ ತಿರುವಿನಲ್ಲಿ ಟ್ರೈಲರ್‌ನ ಮೂಲೆ ಟ್ರಕ್‌ನ ಕ್ಯಾಬಿನ್‌ಗೆ ತಾಗುವ ಅಪಾಯವಿದ್ದು, ಹಿಂದಕ್ಕೆ ಸರಿಯಬಲ್ಲ ಹಿಚ್ ಬೇಕಾಗುತ್ತದೆ.

ಸಣ್ಣ ಭಾಗ, ದೊಡ್ಡ ಅಪಾಯ

ಹಿಚ್, ಬಾಲ್ ಮೌಂಟ್, ಬಾಲ್, ಕಪ್ಲರ್ ಇವುಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. 10,000 ಪೌಂಡ್‌ನ ಹಿಚ್ಚಿಗೆ 6,000 ಪೌಂಡ್‌ನ ಬಾಲ್ ಹಾಕಿದರೆ ಎಳೆಯಬಹುದಾದದ್ದು 6,000 ಮಾತ್ರ. ಬಾಲ್‌ಗಳು 1 7/8, 2 ಮತ್ತು 2 5/16 ಅಂಗುಲದ ಅಳತೆಗಳಲ್ಲಿ ದೊರೆಯುತ್ತವೆ. 2 5/16 ಅಂಗುಲದ ಕಪ್ಲರ್ 2 ಅಂಗುಲದ ಬಾಲ್ ಮೇಲೆ ಸರಿಯಾಗಿ ಕುಳಿತಂತೆಯೇ ಕಾಣುತ್ತದೆ. ರಸ್ತೆಯ ಉಬ್ಬಿನಲ್ಲಿ ಕಳಚಿಕೊಳ್ಳುತ್ತದೆ. ಟ್ರೈಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಬಾಲ್‌ನ ಎತ್ತರವನ್ನೂ ಹೊಂದಿಸಬೇಕು.

ಸುರಕ್ಷತಾ ಸರಪಳಿಗಳನ್ನು ಕಪ್ಲರ್‌ನ ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟುವುದು ಕ್ರಮ. ಕೊಂಡಿ ಕಳಚಿದರೆ ಟ್ರೈಲರ್‌ನ ಮುಂತುದಿ ರಸ್ತೆಗೆ ನಾಟದೆ ಈ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ಟ್ರೈಲರ್‌ಗೆ ಪ್ರತ್ಯೇಕ ಬ್ರೇಕ್ ಕಡ್ಡಾಯ. ವಿದ್ಯುತ್ ಬ್ರೇಕ್ ಇರುವ ಟ್ರೈಲರ್‌ಗೆ ಏಳು ಪಿನ್ನಿನ ಸಂಪರ್ಕ ಹಾಗೂ ಟ್ರಕ್‌ನೊಳಗೆ ಬ್ರೇಕ್ ನಿಯಂತ್ರಕ ಅಗತ್ಯ.

ಟ್ರೈಲರ್ ಕಂಪನಿ ನಮೂದಿಸಿದ ಖಾಲಿ ತೂಕವನ್ನು ನಂಬಿ ಹಿಚ್ ಕೊಳ್ಳುವುದು ಸರಿಯಲ್ಲ. ಪ್ರವಾಸಕ್ಕೆ ಹೊರಡುವಾಗಿನಂತೆಯೇ ಸಾಮಾನು ತುಂಬಿ, ಹೆದ್ದಾರಿ ಬದಿಯ ಟ್ರಕ್ ತೂಕದ ಸೇತುವೆಯಲ್ಲಿ ಒಮ್ಮೆ ತೂಗಿಸಿಕೊಳ್ಳುವುದು ಲೇಸು. ಅದಕ್ಕೆ ತಗಲುವ ಖರ್ಚು ಅಲ್ಪ. ದೊರೆಯುವ ಅಂಕಿಯ ಮೇಲೆಯೇ ಉಳಿದೆಲ್ಲ ಆಯ್ಕೆಗಳೂ ನಿಂತಿವೆ.