ಮುಂಬೈಯಿಂದ ಲಂಡನ್ನಿಗೆ ಎಷ್ಟು ದೂರ?



ಮುಂಬೈಯಿಂದ ಲಂಡನ್ನಿಗೆ ಎಷ್ಟು ದೂರ? ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಸುಮಾರು 7,200 ಕಿಲೋಮೀಟರ್. ಅಜ್ಜನ ಕಾಲಕ್ಕೂ ಅಷ್ಟೇ, ಇಂದಿಗೂ ಅಷ್ಟೇ. ಆದರೆ ಆ ದಾರದ ಗುಂಟ ಹಾರಲು ಕೆಳಗಿನ ದೇಶಗಳು ಬಿಡಬೇಕಲ್ಲ! ಪ್ರಯಾಣಕ್ಕೆ ಎಷ್ಟು ಹೊತ್ತು ಎಂಬುದನ್ನು ಎಂಜಿನ್ನಿನ ಜೊತೆಗೆ ಈ ಅಪ್ಪಣೆಯೂ ನಿರ್ಧರಿಸುತ್ತಾ ಬಂದಿದೆ.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಕಂಪನಿ ಲಂಡನ್-ಕರಾಚಿ ವಿಮಾನ ಸೇವೆ ಆರಂಭಿಸಿತು. ಏಳು ದಿನದ ಪ್ರಯಾಣ, ಟಿಕೆಟ್ಟಿಗೆ 130 ಪೌಂಡ್. ಹಡಗಿನಲ್ಲಿ ವಾರಗಟ್ಟಲೆ ಕೂರುತ್ತಿದ್ದವರಿಗೆ ಅದೇ ಬೆರಗು. ತಮಾಷೆಯೆಂದರೆ, ವಿಮಾನ ಹತ್ತಿದವರು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಇಳಿದು ರೈಲು ಹಿಡಿಯಬೇಕಿತ್ತು! ಫ್ರಾನ್ಸಿನ ಕಡೆಯಿಂದ ವಿಮಾನ ಒಳಬರಲು ಇಟಲಿ ಒಪ್ಪಿರಲಿಲ್ಲ. ರೈಲಿನಲ್ಲಿ ಜಿನೋವಾ ತಲುಪಿ, ನೀರಿನ ಮೇಲಿಳಿಯುವ ವಿಮಾನ ಏರಿದರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ. ಅಲ್ಲಿಂದ ಇನ್ನೊಂದು ವಿಮಾನ. 1932ರಲ್ಲಿ ಇರಾನಿನ ಕರಾವಳಿಯ ದಾರಿಯೂ ತಪ್ಪಿ, ಕೊಲ್ಲಿಯ ಅರಬ್ ತೀರದ ಶಾರ್ಜಾ ಮಾರ್ಗ ಹಿಡಿಯಬೇಕಾಯಿತು.

ಕರಾಚಿಗೆ ಬಂದ ಅಂಚೆ ದಕ್ಷಿಣಕ್ಕೆ ಬರಬೇಡವೇ? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪಸ್ ಮಾತ್ ವಿಮಾನದಲ್ಲಿ ಅದನ್ನು ಅಹಮದಾಬಾದ್ ಮೂಲಕ ಜುಹುವಿಗೆ ತಂದರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹುವಿನಿಂದ ಮುಂದೆ ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು, ಬಳ್ಳಾರಿ ಮಾರ್ಗವಾಗಿ. ಹೌದು, ನಮ್ಮ ಬಳ್ಳಾರಿಯೇ. ಆಗ ಅದು ಮದರಾಸು ಪ್ರಾಂತ್ಯದಲ್ಲಿತ್ತು. ಲಂಡನ್ ಅಂಚೆಯ ವಿಮಾನ ಕನ್ನಡದ ನೆಲದಲ್ಲಿ ಇಳಿದ ಸಂಗತಿ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು? ಪುಣೆಯ ಕೇಳುಗರಿಗೂ ಒಂದು ಮಾತು: ಮಳೆಗಾಲದಲ್ಲಿ ಜುಹು ಬಯಲು ಕೆಸರಾಗುತ್ತಿದ್ದರಿಂದ ಈ ವಿಮಾನಗಳು ನಿಮ್ಮೂರಿಗೆ ಬಿಡಾರ ಬದಲಿಸುತ್ತಿದ್ದವು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜೂನ್ 8ರಂದು, ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಹಾರಿತು. 35 ಪ್ರಯಾಣಿಕರು, ಕೈರೋ, ಜಿನೀವಾಗಳಲ್ಲಿ ತಂಗಿ 10ರ ಬೆಳಿಗ್ಗೆ ಲಂಡನ್. ಮುಂದೆ ಜೆಟ್ ವಿಮಾನ ಬಂದು, ನಡುವಿನ ನಿಲ್ದಾಣಗಳೂ ತಪ್ಪಿ, ಸಮಯ ಒಂಬತ್ತು-ಹತ್ತು ಗಂಟೆಗೆ ಇಳಿಯಿತು.

ಅಷ್ಟಕ್ಕೇ ಅಪ್ಪಣೆಯ ಕಾಟ ಮುಗಿಯಿತೆಂದುಕೊಳ್ಳಬೇಡಿ. 2019ರಲ್ಲಿ ಬಾಲಾಕೋಟ್ ನಂತರ ಪಾಕಿಸ್ತಾನ ಸುಮಾರು ಐದು ತಿಂಗಳು ತನ್ನ ಆಕಾಶದ ಬಹುಭಾಗ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಿಗೇ, ಭಾರತದ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು; ಭಾರತವೂ ಹಾಗೇ ಮಾಡಿತು. ಹೆಚ್ಚು ಪೆಟ್ಟು ಬಿದ್ದದ್ದು ದೆಹಲಿಯವರಿಗೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟ ವಿಮಾನ ಮೊದಲು ದಕ್ಷಿಣಕ್ಕೆ ಗುಜರಾತಿನತ್ತ ಇಳಿದು, ಅರಬ್ಬೀ ಸಮುದ್ರದ ಮೇಲೆ ಸುತ್ತು ಹಾಕಬೇಕಾಯಿತು. ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕೆಂದು ವಿಯೆನ್ನಾದಲ್ಲಿ ನಿಂತವು. ಹಾಗೆ ಬಳಸಿಕೊಂಡು ಹೋಗಬೇಕಾದ ಆಕಾಶದಲ್ಲಿ, 1929ರಲ್ಲಿ ಲಂಡನ್ ವಿಮಾನ ಬಂದಿಳಿದ ಕರಾಚಿಯೂ ಸೇರಿತ್ತು.