ಮೊದಲ ಬೆಲೆ ಕೊಡುವವರು ಯಾರು?

ಕ್ರಮವಿಧಿಯಲ್ಲಿ ಒಂದು ಬ್ಯಾಂಕ್ ಖಾತೆಯ ಆಬ್ಜೆಕ್ಟ್ ಆಗತಾನೆ ಸೃಷ್ಟಿಯಾಗಿದೆ. ಅದರ ‘ಶಿಲ್ಕು’ ಎಂಬ ಚರದಲ್ಲಿ ಏನಿರುತ್ತದೆ? ಯಾರೂ ಬೆಲೆ ಕೊಡದಿದ್ದರೆ, ಗಣಕದ ಸ್ಮೃತಿಯಲ್ಲಿ ಹಿಂದೆ ಉಳಿದ ಕಸವೇ ಶಿಲ್ಕಾಗಿಬಿಡಬಹುದು!

ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಆಬ್ಜೆಕ್ಟ್ ಹುಟ್ಟಿದೊಡನೆ ಕ್ಲಾಸಿನೊಳಗಿನ ಆದೇಶಗಳು ತಾವಾಗಿಯೇ ನಡೆಯುತ್ತಿದ್ದವು. ಮೊದಲ ಬೆಲೆಗಳನ್ನು ಅಲ್ಲಿಯೇ ಕೊಡಬಹುದಿತ್ತು. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸಹೊರಟ ಬ್ಯಾರ್ನೆ ಸ್ಟ್ರೌಸ್ಟ್ರಪ್, ಇದಕ್ಕಾಗಿ ವಿಶೇಷ ಫಂಕ್ಷನ್ ಒಂದನ್ನು ಒದಗಿಸಿದರು. ಅದೇ ಮುಂದೆ ಸಿ ಪ್ಲಸ್ ಪ್ಲಸ್‌ನ ಕನ್‌ಸ್ಟ್ರಕ್ಟರ್ ಆಯಿತು.

1995ರಲ್ಲಿ ಬಂದ ಜಾವಾ, ಆಬ್ಜೆಕ್ಟಿನ ಸಂಖ್ಯಾಚರಗಳಿಗೆ ತಾನೇ ಸೊನ್ನೆ ತುಂಬುತ್ತದೆ. ಕಸವೇನೋ ಹೋಯಿತು. ಆದರೆ 500 ರೂಪಾಯಿ ಕಟ್ಟಿ ತೆರೆದ ಖಾತೆಗೆ ಸೊನ್ನೆಯೂ ತಪ್ಪು ಬೆಲೆಯೇ! ಸರಿಯಾದ ಬೆಲೆಯನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಬರೆಯುವ ಹೊಣೆ ಕ್ರಮವಿಧಿ ರಚಿಸುವವರದೇ.